ಬೇಸಿಗೆಯಲ್ಲಿ ಮಾಳಿಗೆ ಮೇಲೆ ಕಾಯಿಪಲ್ಲೆ ಸುಡುವ ಬಗೆ

ಏಪ್ರಿಲ್ ಬಂತೆಂದರೆ ನನಗೆ ಬರುವ ಪ್ರಶ್ನೆ ಎರಡೇ. "ಮುಳಗಾಯಿ (ಬದನೆಕಾಯಿ) ಮೇಲೆ ಕರಕಲಾಯ್ತು, ಒಳಗೆ ಹಸಿ ಉಳೀತು, ಏನ್ ತಪ್ಪಾಯ್ತು?" ಅನ್ನುವುದು ಒಂದು. "ಈ ಬಿಸಿಲಲ್ಲಿ ಬೆಂಕಿ ಮುಂದೆ ನಿಲ್ಲೋದಾದರೂ ಹ್ಯಾಗೆ?" ಅನ್ನುವುದು ಇನ್ನೊಂದು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಈ ಸಲ ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಎರಡೂ ತೊಂದರೆಗೆ ಮೂಲ ಒಂದೇ. ನಾವು ಉರಿಯಲ್ಲಿ ಸುಡುತ್ತೇವೆ, ಸುಡಬೇಕಾದ್ದು ಕೆಂಡದಲ್ಲಿ. ಉರಿ ಇಳಿದು ಕೆಂಡ ಕೂರುವ ತನಕ ಕಾದರೆ ತರಕಾರಿ ಒಳಗಿನ ತನಕ ಬೇಯುತ್ತದೆ, ಮುಂದೆ ನಿಂತ ನೀವು ಬೇಯುವುದಿಲ್ಲ.

ಸುಟ್ಟು ತಿನ್ನುವುದು ನಮ್ಮ ಕಡೆಯವರಿಗೇನು ಹೊಸದಲ್ಲ. ಹೊಲದಲ್ಲಿ ಕುಳ್ಳಿನ ಕೆಂಡದಲ್ಲಿ ಎಳೆ ಜೋಳದ ತೆನೆ ಸುಟ್ಟು, ಬಡಿದು, ಬಿಸಿ ಬಿಸಿ ಸೀತನಿ ತಿಂದವರು ನಮ್ಮಲ್ಲಿ ಎಷ್ಟೋ ಜನ. ಆದರೆ ಸೀತನಿ ಚಳಿಗಾಲದ್ದು, ಆಗ ಬೆಂಕಿ ಹತ್ತಿರ ಕೂತರೆ ಹಿತ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವುದು ಮಾಮೂಲು, ಆಗ ಅದೇ ಬೆಂಕಿ ಶಿಕ್ಷೆ. ಬೆಳಗಾವಿಯವರಿಗೆ ಧಗೆ ಸ್ವಲ್ಪ ಕಡಿಮೆ, ಆದರೆ ಸಂಜೆಯ ಗಾಳಿ, ಅಡ್ಡಮಳೆಯ ಕಾಟ ಜಾಸ್ತಿ. ಎರಡಕ್ಕೂ ಹೊಂದುವ ಹಾಗೆ ಹೇಳುತ್ತೇನೆ.

ಏನೇನು ಬೇಕು

ದುಡ್ಡು ಕೊಟ್ಟು ದೊಡ್ಡ ಬಾರ್ಬೆಕ್ಯೂ ಡಬ್ಬಿ ತರಬೇಕಿಲ್ಲ. ಮನೆಯಲ್ಲಿ ಹಳೆಯ ಕಬ್ಬಿಣದ ಶೇಗಡಿ (ಇದ್ದಿಲ ಒಲೆ) ಇದ್ದರೆ ಸಾಕು. ಇಲ್ಲದಿದ್ದರೆ ಎಂಟು ಹತ್ತು ಒಣ ಇಟ್ಟಂಗಿ, ಮೇಲೆ ಒಂದು ಜಾಲರಿ. ಗ್ರಿಲ್ ಅಂದರೆ ಇಷ್ಟೇ: ಕೆಳಗೆ ಕೆಂಡ, ಮೇಲೆ ಕಂಬಿಗಳ ಜಾಲರಿ, ಮಧ್ಯೆ ಅರ್ಧ ಗೇಣು ಜಾಗ.

ಜಾಲರಿ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. ಕಿಟಕಿಗೆ, ಕೋಳಿ ಗೂಡಿಗೆ ಹಾಕುವ ಬೆಳ್ಳಗೆ ಹೊಳೆಯುವ ಜಿ.ಐ. ಜಾಲರಿ ತರಬೇಡಿ. ಅದರ ಮೇಲೆ ಸತುವಿನ ಲೇಪ ಇರುತ್ತದೆ, ಜೋರು ಕಾವಿಗೆ ಅದರ ಹೊಗೆ ಏಳಬಹುದು, ನಿಂಬೆ, ಟೊಮೆಟೊ ತರಹದ ಹುಳಿ ತಾಗಿದರೆ ಲೇಪ ಬಿಡುತ್ತದೆ. ಹಳೇ ಫ್ರಿಜ್ಜಿನ ತಟ್ಟೆಯೂ ಬೇಡ, ಅದರ ಲೇಪ ಎಂಥದ್ದೋ ಏನೋ. ಸ್ಟೀಲ್ ಜಾಲರಿ, ಇಲ್ಲವೇ ವೆಲ್ಡಿಂಗ್ ಅಂಗಡಿಯಲ್ಲಿ ಬಣ್ಣ ಹಚ್ಚದ ಕಬ್ಬಿಣದ ಸರಳಿನಲ್ಲಿ ಮಾಡಿಸಿದ್ದು ಒಳ್ಳೆಯದು. ಸರಳಿನ ನಡುವೆ ಒಂದು ಬೆರಳಿನ ಸಂದು ಸಾಕು. ಹೊಸದಾದರೆ ಮೊದಲ ದಿನ ಬರೀ ಜಾಲರಿಯನ್ನೇ ಅರ್ಧ ಗಂಟೆ ಕಾಯಿಸಿ, ಎಣ್ಣೆ ಜಿಡ್ಡೆಲ್ಲ ಸುಟ್ಟು ಹೋಗಲಿ.

ಇದ್ದಿಲು ನಾಲ್ಕೈದು ಜನಕ್ಕೆ ಒಂದೂವರೆಯಿಂದ ಎರಡು ಕಿಲೋ. ಇಸ್ತ್ರಿ ಅಂಗಡಿಯವರನ್ನು ಕೇಳಿ, ಎಲ್ಲಿ ಸಿಗುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ನಮ್ಮ ಕಡೆ ಸಿಗುವುದರಲ್ಲಿ ಜಾಲಿ ಕಟ್ಟಿಗೆಯ ಇದ್ದಿಲೇ ಜಾಸ್ತಿ, ಗಟ್ಟಿಯಾಗಿರುತ್ತದೆ, ಬಹಳ ಹೊತ್ತು ನಿಲ್ಲುತ್ತದೆ. ಪುಡಿ ಪುಡಿ ಇದ್ದದ್ದು ಬೇಡ, ನಿಂಬೆಹಣ್ಣಿನಿಂದ ಮೊಟ್ಟೆ ಗಾತ್ರದ ತುಂಡು ಆರಿಸಿ.

ಇಷ್ಟರ ಜೊತೆಗೆ ಉದ್ದ ಹಿಡಿಯ ಇಕ್ಕಳ, ಕಬ್ಬಿಣದ ಸಲಾಕೆ ನಾಲ್ಕೈದು (ಸಲಾಕೆ ಅಂದರೆ ತುಂಡು ಪೋಣಿಸುವ ಸಪೂರ ಕಡ್ಡಿ), ಬೀಸಣಿಕೆ, ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಅಥವಾ ಮಣ್ಣು. ಕೊನೆಯ ಎರಡು ಇಲ್ಲದೆ ಕಡ್ಡಿ ಗೀರಬೇಡಿ. ಬಿದಿರು ಕಡ್ಡಿ ಬಳಸುವುದಾದರೆ ಅರ್ಧ ಗಂಟೆ ನೀರಲ್ಲಿ ನೆನೆಸಿ. ಇಲ್ಲದಿದ್ದರೆ ತರಕಾರಿಗಿಂತ ಮೊದಲು ಕಡ್ಡಿಯೇ ಸುಡುತ್ತದೆ.

1. ಹೊತ್ತು ಮತ್ತು ಜಾಗ

ಮಧ್ಯಾಹ್ನ ಸುಡುವ ಆಲೋಚನೆ ಬಿಡಿ. ಸಂಜೆ ಐದಕ್ಕೆ ಮಾಳಿಗೆ ಹತ್ತಿದರೂ ಕಾಲಿಟ್ಟ ಕಡೆ ಚುರ್ ಅನ್ನುತ್ತದೆ, ದಿನವಿಡೀ ಕಾದ ಸ್ಲ್ಯಾಬು ರಾತ್ರಿ ತನಕ ಝಳ ಬಿಡುತ್ತಲೇ ಇರುತ್ತದೆ. ನಾನು ಮಾಡುವುದು ಹೀಗೆ: ಐದೂವರೆಗೆ ಮಾಳಿಗೆಗೆ ಎರಡು ಬಕೆಟ್ ನೀರು ಚಿಮುಕಿಸುತ್ತೇನೆ, ಆದರೆ ಶೇಗಡಿ ಇಡುವ ಮೂಲೆಗೆ ಅಲ್ಲ. ಮೇ ತಿಂಗಳಲ್ಲಿ ಹೊತ್ತು ಮುಳುಗುವುದು ಏಳರ ಹತ್ತಿರ, ಆರೂವರೆಗೆ ಬೆಂಕಿ ಹಚ್ಚಿದರೆ ಕೆಂಡ ತಯಾರಾಗುವಷ್ಟರಲ್ಲಿ ಬಿಸಿಲು ಇಳಿದಿರುತ್ತದೆ. ಇನ್ನೊಂದು ಒಳ್ಳೆಯ ಹೊತ್ತು ಬೆಳಿಗ್ಗೆ ಆರು. ಮಧ್ಯಾಹ್ನದ ರೊಟ್ಟಿಗೆ ಭರ್ತ ಬೇಕಿದ್ದರೆ ಬೆಳಿಗ್ಗೆಯೇ ಮುಳಗಾಯಿ ಸುಟ್ಟು, ಆರಿದ ಕೂಡಲೇ ಫ್ರಿಜ್ಜಲ್ಲಿಡಿ.

ಹೊತ್ತು ಮುಳುಗಿದ ಮೇಲೆ ಸುಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಿಸಿಲಲ್ಲಿ ಕೆಂಡದ ಕೆಂಪು ಕಾಣುವುದಿಲ್ಲ. ಬೂದಿ ಮುಚ್ಚಿ ಸತ್ತ ಹಾಗಿರುತ್ತದೆ, ಆರಿದೆ ಅಂದುಕೊಂಡು ಇನ್ನೊಂದು ಬೊಗಸೆ ಇದ್ದಿಲು ಸುರಿಯುತ್ತೀರಿ, ಹತ್ತು ನಿಮಿಷಕ್ಕೆ ಕುಲುಮೆ ಆಗಿರುತ್ತದೆ. ಮೇಲೆ ಕರಕಲು, ಒಳಗೆ ಹಸಿ ಎನ್ನುವ ದೂರಿನಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುವುದು.

ಜಾಗ ನೋಡುವಾಗ ಮೊದಲು ತಲೆ ಎತ್ತಿ ನೋಡಿ. ಬೇಸಿಗೆಗೆ ಅಂತ ಕಟ್ಟಿದ ಹಸಿರು ನೆರಳು ಪರದೆ, ತಟ್ಟಿ, ಬಟ್ಟೆ ಒಣ ಹಾಕುವ ತಂತಿ, ಕರೆಂಟಿನ ವೈರು, ಇದ್ಯಾವುದೂ ಮೇಲೆ ಇರಬಾರದು. ನೆರಳು ಪರದೆ ಪ್ಲಾಸ್ಟಿಕ್, ಒಂದು ಕಿಡಿ ಸಾಕು. ನೀರಿನ ಪ್ಲಾಸ್ಟಿಕ್ ಟಾಕಿಯಿಂದ ಹತ್ತು ಅಡಿ ದೂರ ಇರಿ. ಆಮೇಲೆ, ಏಪ್ರಿಲ್ ಮೇ ಅಂದರೆ ಮಾಳಿಗೆ ತುಂಬ ಶಾವಿಗೆ, ಸಂಡಿಗೆ, ಹಪ್ಪಳ, ಕೆಂಪು ಮೆಣಸಿನಕಾಯಿ ಹರವಿರುತ್ತಾರೆ, ಅಲ್ವಾ? ಗಾಳಿಗೆ ಬೂದಿ ಹಾರಿ ಅದರ ಮೇಲೆ ಕೂತರೆ ಮನೆಯಲ್ಲಿ ಬೈಗುಳ ತಪ್ಪಿದ್ದಲ್ಲ. ಅವನ್ನೆಲ್ಲ ತೆಗೆದ ಮೇಲೆ ಶುರು ಮಾಡಿ.

ಹೊಲದ ಮನೆಯಲ್ಲಿ ಮಾಡುವವರು ಇನ್ನೂ ಜಾಸ್ತಿ ಎಚ್ಚರ ಇರಬೇಕು. ಕಣಕಿ ಬಣವಿ, ಕಬ್ಬಿನ ಒಣ ರವದಿ, ತೊಗರಿ ಕಟ್ಟಿಗೆಯ ರಾಶಿ, ಇವುಗಳ ಹತ್ತಿರ ಬೇಡವೇ ಬೇಡ. ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ. ಗಾಳಿ ಬಣವಿಯ ಕಡೆಗೆ ಬೀಸುತ್ತಿದ್ದರೆ ಅದು ಎಷ್ಟೇ ದೂರ ಇದ್ದರೂ ಆ ದಿನ ಸುಡುವುದು ರದ್ದು.

ಶೇಗಡಿಯನ್ನು ನೇರ ನೆಲದ ಮೇಲೆ ಇಡಬೇಡಿ. ಕೆಳಗೆ ಎರಡು ಸಾಲು ಇಟ್ಟಂಗಿ ಹಾಕಿ, ಮೇಲೆ ಒಂದಿಷ್ಟು ಮರಳು ಹರವಿ. ನಾನು ಒಮ್ಮೆ ಫರಸಿ (ನೆಲದ ಕಲ್ಲುಚಪ್ಪಡಿ) ಮೇಲೆಯೇ ಕೆಂಡ ಕೂಡಿಸಿದ್ದೆ. ಪಟ್ ಅಂತ ಸಿಡಿದು ಅಂಗೈಯಷ್ಟು ಚಕ್ಕೆ ಎದ್ದು ಬಂತು, ಇವತ್ತಿಗೂ ಆ ಗುರುತು ಹಾಗೇ ಇದೆ. ಇಟ್ಟಂಗಿ ಒಣಗಿರಬೇಕು, ಒಳಗೆ ನೀರು ಕುಡಿದ ಇಟ್ಟಂಗಿ, ಕಲ್ಲು ಕಾದಾಗ ಸಿಡಿಯುತ್ತವೆ.

2. ಹೆಚ್ಚುವುದು, ಒರೆಸುವುದು

ಈ ಕೆಲಸ ಬೆಂಕಿ ಹಚ್ಚುವ ಮುಂಚೆ ಪೂರ್ತಿ ಮುಗಿದಿರಬೇಕು. ಕೆಂಡ ಕಾಯುತ್ತಿರುವಾಗ ಉಳ್ಳಾಗಡ್ಡಿ ಹೆಚ್ಚುತ್ತ ಕೂತರೆ ಕೆಂಡ ನಿಮಗಾಗಿ ನಿಲ್ಲುವುದಿಲ್ಲ.

ತೊಳೆದ ತರಕಾರಿಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒದ್ದೆ ಇದ್ದರೆ ಸುಡುವ ಬದಲು ಹಬೆಯಲ್ಲಿ ಬೇಯುತ್ತದೆ, ಸುಟ್ಟ ವಾಸನೆಯೇ ಬರುವುದಿಲ್ಲ. ಬೆಂಡೆಕಾಯಿಯಂತೂ ತೊಳೆದು ಒಂದು ಗಂಟೆ ಫ್ಯಾನ್ ಕೆಳಗೆ ಹರವಿ, ಆಮೇಲೆ ಮುಟ್ಟಿ.

ಉಪ್ಪಿನ ವಿಷಯಕ್ಕೆ ಬರೋಣ. ಉಪ್ಪು ಹಚ್ಚಿ ಇಟ್ಟರೆ ತರಕಾರಿ ನೀರು ಬಿಡುತ್ತದೆ. ಬದನೆಯ ಬಿಲ್ಲೆಗೆ ಇದು ಒಳ್ಳೆಯದೇ, ಉಪ್ಪು ಸವರಿ 20 ನಿಮಿಷ ಬಿಟ್ಟು, ಬಂದ ನೀರನ್ನು ಒರೆಸಿ ತೆಗೆದರೆ ಎಣ್ಣೆ ಕಡಿಮೆ ಕುಡಿಯುತ್ತದೆ. ಉಳಿದ ಎಲ್ಲದಕ್ಕೂ ಉಪ್ಪು ಜಾಲರಿ ಮೇಲಿಡುವ ಹೊತ್ತಿಗೆ, ಇಲ್ಲವೇ ಸುಟ್ಟಾದ ಮೇಲೆ.

ಎಣ್ಣೆ ತರಕಾರಿಗೆ ಸವರಿ, ತೆಳ್ಳಗೆ, ಕೈಗೆ ಹತ್ತಿದ್ದು ಸಾಕು. ಜಾಲರಿ ಮೇಲೆ ಸುರಿದರೆ ಕೆಂಡಕ್ಕೆ ತೊಟ್ಟಿಕ್ಕಿ ಭಗ್ ಅಂತ ಉರಿ ಏಳುತ್ತದೆ, ಮಸಿ ಹಿಡಿಯುತ್ತದೆ. ಸುಡುವಾಗ ರಿಫೈನ್ಡ್ ಶೇಂಗಾ ಎಣ್ಣೆ ಕಾವು ತಡೆಯುತ್ತದೆ. ಗಾಣದ ಕುಸುಬಿ ಎಣ್ಣೆ ಬೇಗ ಹೊಗೆಯಾಡುತ್ತದೆ, ಅದನ್ನು ಕೊನೆಗೆ ಮೇಲೆ ಹಾಕಲು ಎತ್ತಿಡಿ. ಆ ಎಣ್ಣೆಯ ಘಮ ಹಸಿಯಾಗಿ ಹಾಕಿದಾಗಲೇ.

ಮಸಾಲೆ ಹಚ್ಚಿ ನೆನೆಸಿಡುವುದಕ್ಕೆ ಮ್ಯಾರಿನೇಡ್ ಅನ್ನುತ್ತಾರೆ. ಎಲ್ಲರೂ ಮೊಸರು, ಖಾರ, ಅರಿಶಿನ ಕಲಸಿ ಹಚ್ಚುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಬೇಸಿಗೆಯಲ್ಲಿ ಅದು ಬೇಡ. ಒಂದು, ಖಾರದ ಪುಡಿ ಕೆಂಡದ ಮೇಲೆ ಸೀದು ಕಹಿಯಾಗುತ್ತದೆ, ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಎರಡು, ಮೊಸರು, ಪನೀರ್ ಈ ಧಗೆಯಲ್ಲಿ ಕೆಡುತ್ತವೆ. ಹೊರಗಿನ ಹವೆ 32 ಡಿಗ್ರಿ ದಾಟಿದ್ದರೆ ಇಂಥ ಪದಾರ್ಥವನ್ನು ಒಂದು ಗಂಟೆಗಿಂತ ಜಾಸ್ತಿ ಹೊರಗಿಡಬಾರದು ಎನ್ನುವುದು ಆಹಾರ ಸುರಕ್ಷತೆಯ ನಿಯಮ. ನಮ್ಮಲ್ಲಿ ರಾತ್ರಿ ಎಂಟಕ್ಕೂ 32 ದಾಟಿರುತ್ತದೆ. ಪನೀರ್ ಬೇಕೇ ಬೇಕು ಅನ್ನುವವರು ಐಸ್ ಹಾಕಿದ ಡಬ್ಬಿಯಲ್ಲಿ ಇಟ್ಟು, ಸುಡುವಾಗಲೇ ತೆಗೆಯಿರಿ.

ನನ್ನ ದಾರಿ ಸುಲಭ: ಸುಡುವಾಗ ಬರೀ ಎಣ್ಣೆ, ಉಪ್ಪು. ರುಚಿಯೆಲ್ಲ ಆಮೇಲೆ, ಬಿಸಿ ಇರುವಾಗಲೇ. ಅದನ್ನು ಕೆಳಗೆ ಹೇಳಿದ್ದೇನೆ.

3. ಬೆಂಕಿ ಹಚ್ಚುವುದು

ಸೀಮೆಎಣ್ಣೆ, ಪೆಟ್ರೋಲ್, ಸ್ಯಾನಿಟೈಸರ್ ಮುಟ್ಟಬೇಡಿ. ವಾಸನೆ ತರಕಾರಿಗೆ ಹತ್ತುತ್ತದೆ ಅನ್ನುವುದು ಸಣ್ಣ ಮಾತು. ಕಾದ ಕೆಂಡಕ್ಕೆ ಸುರಿದರೆ ಉರಿ ನಿಮ್ಮ ಕೈಗೇ ಏರುತ್ತದೆ.

ಒಂದು ದೊಡ್ಡ ಎಣ್ಣೆ ಡಬ್ಬಿ ತಗೊಳ್ಳಿ, ಐದು ಲೀಟರಿನ ತಗಡಿನದು. ಚೆನ್ನಾಗಿ ತೊಳೆದು, ಮೇಲಿನ ಕೆಳಗಿನ ಎರಡೂ ತಗಡು ಕತ್ತರಿಸಿ ತೆಗೆಯಿರಿ. ಬುಡದಿಂದ ಎರಡು ಬೆರಳು ಮೇಲೆ ಸುತ್ತಲೂ ಮೊಳೆಯಿಂದ ಎಂಟು ಹತ್ತು ದೊಡ್ಡ ತೂತು ಹೊಡೆಯಿರಿ. ಇದನ್ನು ಶೇಗಡಿಯಲ್ಲಿ ನಿಲ್ಲಿಸಿ, ಕೆಳಗೆ ಸುಕ್ಕು ಮಾಡಿದ ಎರಡು ಹಾಳೆ ಪೇಪರು, ಅದರ ಮೇಲೆ ಒಂದು ಹಿಡಿ ಮುರಿದ ತೊಗರಿ ಕಟ್ಟಿಗೆ ಅಥವಾ ಒಣಗಿದ ಗೊಂಜಾಳದ (ಮೆಕ್ಕೆಜೋಳದ) ಬೆಂಡು, ತೆಂಗಿನ ಕರಟ. ಮೇಲೆ ತುಂಬ ಇದ್ದಿಲು. ತೂತಿನಿಂದ ಕಡ್ಡಿ ಗೀರಿ ಪೇಪರಿಗೆ ತಾಗಿಸಿ. ಪೇಪರು ಇಲ್ಲದಿದ್ದರೆ ಎರಡು ಬಿಲ್ಲೆ ಕರ್ಪೂರ. ಗಾಳಿ ಕೆಳಗಿನಿಂದ ಎಳೆದು ಮೇಲೆ ಹೋಗುತ್ತದೆ, ಬೀಸಣಿಕೆ ಹಿಡಿದು ಬೆವರು ಸುರಿಸುವ ಕೆಲಸವೇ ಇಲ್ಲ. ಹಚ್ಚಿ ದೂರ ಹೋಗಿ ಮಜ್ಜಿಗೆ ಕುಡಿಯಿರಿ. ಬೇಸಿಗೆಯಲ್ಲಿ ಇದ್ದಿಲು ಬಣಬಣ ಒಣಗಿರುತ್ತದೆ, 15ರಿಂದ 20 ನಿಮಿಷ ಸಾಕು. ಹಿಂದಿನ ದಿನ ಅಡ್ಡಮಳೆಗೆ ತೊಯ್ದ ಇದ್ದಿಲಾದರೆ ಅರ್ಧ ಗಂಟೆ ದಾಟುತ್ತದೆ, ಚಟಚಟ ಸಿಡಿಯುತ್ತದೆ ಕೂಡ, ಅದನ್ನು ಮೊದಲು ಒಂದು ದಿನ ಬಿಸಿಲಿಗೆ ಹಾಕಿ.

ಮೇಲಿನ ತುಂಡುಗಳ ಅಂಚು ಬೆಳ್ಳಗೆ ಬೂದಿ ಕಟ್ಟಿದಾಗ ಡಬ್ಬಿಯನ್ನು ಇಕ್ಕಳದಿಂದ ಹಿಡಿದು ಮೇಲೆ ಎತ್ತಿ, ಕೆಂಡ ತಾನೇ ಕೆಳಗೆ ಸುರಿಯುತ್ತದೆ. ದಪ್ಪ ಬಟ್ಟೆ ಕೈಗೆ ಸುತ್ತಿಕೊಳ್ಳಿ, ಆದರೆ ಒದ್ದೆ ಬಟ್ಟೆ ಬೇಡ, ಒದ್ದೆ ಬಟ್ಟೆಯಲ್ಲಿ ಕಾವು ಬೇಗ ದಾಟಿ ಕೈ ಸುಡುತ್ತದೆ. ಬಿಸಿ ಡಬ್ಬಿಯನ್ನು ಇಟ್ಟಂಗಿ ಮೇಲೆ ಇಡಿ, ಮಕ್ಕಳು ಓಡಾಡುವ ಕಡೆ ಅಲ್ಲ.

4. ಕೆಂಡ ಹರವುವುದು

ಕೆಂಡವನ್ನು ಶೇಗಡಿ ತುಂಬ ಸಮವಾಗಿ ಹರವಬೇಡಿ. ಮೂರರಲ್ಲಿ ಎರಡು ಪಾಲು ಒಂದು ಬದಿಗೆ ಗುಡ್ಡೆ ಹಾಕಿ, ಇನ್ನೊಂದು ಬದಿಗೆ ತೆಳ್ಳಗೆ ಒಂದು ಪದರ, ತುದಿಯಲ್ಲಿ ಒಂದಿಷ್ಟು ಜಾಗ ಪೂರ್ತಿ ಖಾಲಿ. ಈಗ ನಿಮ್ಮ ಹತ್ತಿರ ಮೂರು ಒಲೆ ಇದ್ದ ಹಾಗಾಯಿತು: ಜೋರು, ಹದ, ಬೆಚ್ಚಗೆ. ಬಣ್ಣ ಬರಲು ಜೋರು ಕಡೆ, ಬೇಯಲು ಹದದ ಕಡೆ, ಆದದ್ದನ್ನು ಎತ್ತಿಡಲು ಬೆಚ್ಚಗಿನ ಕಡೆ. ಕರಕಲು ಮತ್ತು ಹಸಿ ಎರಡಕ್ಕೂ ಇಷ್ಟೇ ಮದ್ದು.

ಕಾವು ಅಳೆಯಲು ಯಂತ್ರ ಬೇಡ, ಅಂಗೈ ಸಾಕು. ಜಾಲರಿಯಿಂದ ಅರ್ಧ ಗೇಣು ಮೇಲೆ ಅಂಗೈ ಹಿಡಿದು ನಿಧಾನ ಎಣಿಸಿ. ಎರಡು ಮೂರಕ್ಕೆ ಕೈ ಎಳೆದುಕೊಂಡರೆ ಜೋರು. ಐದು ಆರು ತನಕ ತಡೆದರೆ ಹದ. ಎಂಟು ಹತ್ತು ಆದರೂ ಹಿತವಾಗಿದ್ದರೆ ಬರೀ ಬೆಚ್ಚಗಿದೆ. ಬಳೆ, ಉಂಗುರ ತೆಗೆದಿಟ್ಟು ನೋಡಿ, ಲೋಹ ಮೊದಲು ಕಾಯುತ್ತದೆ.

ಜಾಲರಿ ಐದು ನಿಮಿಷ ಕಾಯಲಿ. ಅರ್ಧ ಉಳ್ಳಾಗಡ್ಡಿಯನ್ನು ಸಲಾಕೆಗೆ ಚುಚ್ಚಿ ಅದರಿಂದ ಜಾಲರಿ ಉಜ್ಜಿ, ಹಿಂದಿನ ಸಲದ ಕರಕು ಬಿಡುತ್ತದೆ. ತಂತಿ ಬ್ರಷ್ ಬೇಡ, ಅದರ ಕೂದಲಿನಂಥ ತಂತಿ ಊಟಕ್ಕೆ ಬಂದರೆ ಗಂಟಲಿಗೆ ಕುತ್ತು.

5. ಯಾವುದು ಎಷ್ಟು ಹೊತ್ತು

ಕೆಳಗಿನ ನಿಮಿಷಗಳು ಅಂದಾಜು. ನಿಮ್ಮ ಕೆಂಡ, ನಿಮ್ಮ ಜಾಲರಿಯ ಎತ್ತರ ನೋಡಿ ಹೊಂದಿಸಿಕೊಳ್ಳಿ.

ಮುಳಗಾಯಿಯಿಂದ ಶುರು ಮಾಡೋಣ, ಜಾಸ್ತಿ ಹೊತ್ತು ಬೇಕಾದ್ದೂ, ಜಾಸ್ತಿ ಜನ ಕೆಡಿಸುವುದೂ ಇದೇ. ಭರ್ತಕ್ಕೆ ದೊಡ್ಡದು, ಕೈಗೆ ಹಗುರ ಅನಿಸುವುದು ಆರಿಸಿ. ಭಾರ ಇದ್ದರೆ ಒಳಗೆ ಬೀಜ ತುಂಬಿರುತ್ತದೆ. ಚಾಕುವಿನ ಮೊನೆಯಿಂದ ನಾಲ್ಕೈದು ಕಡೆ ಚುಚ್ಚಿ, ಮರೆತರೆ ಒಳಗೆ ಹಬೆ ಕಟ್ಟಿ ಠಪ್ ಅಂತ ಒಡೆದು ತಿರುಳು ಮೈಮೇಲೆ ಹಾರುತ್ತದೆ. ತೂತಿನಲ್ಲಿ ಒಂದೊಂದು ಬಳ್ಳೊಳ್ಳಿ ಎಸಳು ಒತ್ತಿದರೆ ಇನ್ನೂ ರುಚಿ. ಮೊದಲು ಜೋರು ಕಡೆ ಐದಾರು ನಿಮಿಷ, ಸುತ್ತಲೂ ಸಿಪ್ಪೆ ಕಪ್ಪಾಗಲಿ. ಆಮೇಲೆ ಹದದ ಕಡೆ ಸರಿಸಿ, ಮೇಲೆ ಒಂದು ಬೋಗುಣಿ ಬೋರಲು ಹಾಕಿ, ಆಗಾಗ ತಿರುವುತ್ತ 15ರಿಂದ 20 ನಿಮಿಷ. ಬೋರಲು ಹಾಕುವುದನ್ನು ತಪ್ಪಿಸಬೇಡಿ, ಕಾವು ಸುತ್ತಲಿಂದ ಹಿಡಿದು ಒಳಗೆ ಹೋಗುವುದು ಆಗಲೇ. ಆಗಿದೆಯೋ ಇಲ್ಲವೋ ನೋಡಲು ತೊಟ್ಟಿನ ಹತ್ತಿರ ಒತ್ತಿ. ನಡು ಮೆತ್ತಗಾಗಿ ಕುಸಿದಿದ್ದರೂ ತೊಟ್ಟಿನ ಬುಡ ಗಟ್ಟಿ ಉಳಿದಿರುತ್ತದೆ, ಹಸಿ ಉಳಿಯುವುದು ಅಲ್ಲೇ. ಅಲ್ಲಿ ಬೆರಳು ಸಲೀಸಾಗಿ ಇಳಿದು, ತೂತಿನಿಂದ ಕಂದು ರಸ ಒಸರಿ ಜಾಲರಿ ಮೇಲೆ ಚುಂಯ್ ಅಂದರೆ ಆಯಿತು.

ಎಣ್ಣೆಗಾಯಿಗೆ ಬಳಸುವ ಸಣ್ಣ ಮುಳಗಾಯಿಯಾದರೆ ತೊಟ್ಟು ಬಿಟ್ಟು ನಾಲ್ಕು ಸೀಳು ಹಾಕಿ ಎಣ್ಣೆ ಸವರಿ ಇಡಿ, ಹದದ ಕಡೆ 10ರಿಂದ 12 ನಿಮಿಷ.

ಡಬ್ಬು ಮೆಣಸಿನಕಾಯಿ (ಕ್ಯಾಪ್ಸಿಕಮ್) ಇಡಿಯಾಗಿಯೇ ಜೋರು ಕಡೆ ಇಡಿ, ತಿರುವುತ್ತ ಹತ್ತು ನಿಮಿಷ, ಸಿಪ್ಪೆ ಗುಳ್ಳೆ ಎದ್ದು ಕಪ್ಪಾಗಬೇಕು. ತಕ್ಷಣ ಮುಚ್ಚಳದ ಡಬ್ಬಿಗೆ ಹಾಕಿ ಹತ್ತು ನಿಮಿಷ ಮುಚ್ಚಿಡಿ. ತನ್ನ ಹಬೆಗೇ ಬೆವತು ಸಿಪ್ಪೆ ತಾನೇ ಸುಲಿದು ಬರುತ್ತದೆ. ನಲ್ಲಿ ಕೆಳಗೆ ತೊಳೆಯಬೇಡಿ, ಸುಟ್ಟ ಘಮವೆಲ್ಲ ಮೋರಿಗೆ ಹೋಗುತ್ತದೆ. ಮುಳಗಾಯಿಗೂ ಇದೇ ಮಾತು, ಕೈಗೆ ನೀರು ಹಚ್ಚಿಕೊಂಡು ಸುಲಿಯಿರಿ ಅಷ್ಟೇ.

ಉಳ್ಳಾಗಡ್ಡಿಯನ್ನು ಅರ್ಧ ಇಂಚು ದಪ್ಪದ ಬಿಲ್ಲೆ ಮಾಡಿ, ಅಡ್ಡಕ್ಕೆ ಸಲಾಕೆ ತೂರಿಸಿ, ಲಾಲಿಪಾಪಿನ ಹಾಗೆ. ಹೀಗೆ ಮಾಡದಿದ್ದರೆ ಬಳೆ ಬಳೆ ಬಿಟ್ಟು ಕೆಂಡಕ್ಕೆ ಬೀಳುತ್ತದೆ. ಒಂದೊಂದು ಬದಿ ಐದಾರು ನಿಮಿಷ. ಸಣ್ಣ ಉಳ್ಳಾಗಡ್ಡಿ ಇದ್ದರೆ ಸಿಪ್ಪೆ ಸಮೇತ ಕೆಂಡದ ಅಂಚಿನ ಬೂದಿಯಲ್ಲಿ ಹುಗಿದು ಅರ್ಧ ಗಂಟೆ ಮರೆತುಬಿಡಿ. ಹೊರಗಿನ ಎರಡು ಪದರ ಇದ್ದಿಲಾಗಿರುತ್ತದೆ, ತೆಗೆದರೆ ಒಳಗೆ ಬೆಲ್ಲದ ಹಾಗಿನ ಸಿಹಿ. ಇಡೀ ಬಳ್ಳೊಳ್ಳಿ ಗಡ್ಡೆಯನ್ನೂ ಹಾಗೆಯೇ 20 ನಿಮಿಷ.

ಗೊಂಜಾಳದ ತೆನೆ ಸಿಪ್ಪೆ ಸುಲಿದು ಹದದ ಕಡೆ ತಿರುವುತ್ತ ಎಂಟು ಹತ್ತು ನಿಮಿಷ. ಗಾಳಿ ಜೋರಾಗಿದ್ದ ದಿನ ಸಿಪ್ಪೆ ಸಮೇತ ಕಾಲು ಗಂಟೆ ನೀರಲ್ಲಿ ನೆನೆಸಿ 20 ನಿಮಿಷ ಸುಡಿ, ಕಾಳು ಒಣಗುವುದಿಲ್ಲ.

ಹಸಿ ಮೆಣಸಿನಕಾಯಿ ಚುಚ್ಚದೆ ಇಡಬೇಡಿ. ಸಿಡಿದು ಬೀಜ ಕಣ್ಣಿಗೆ ಬರುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಆಗ ಘಾಟು ನಿಮ್ಮ ಮುಖಕ್ಕೆ ಬರದೆ ಮುಂದಕ್ಕೆ ಹೋಗುತ್ತದೆ. ಪಕ್ಕದ ಮನೆಯ ಮಾಳಿಗೆ ಮೇಲೆ ಯಾರಾದರೂ ಮಲಗಿದ್ದರೆ ಈ ಕೆಲಸ ಬಿಟ್ಟೇಬಿಡಿ.

ಟೊಮೆಟೊ ಗಟ್ಟಿ ಇದ್ದದ್ದೇ ಬೇಕು, ಚಟ್ನಿಗೆ ಇಡಿಯಾಗಿ ಆರೇಳು ನಿಮಿಷ. ನುಗ್ಗೆಕಾಯಿ ಯಾರೂ ಸುಡುವುದಿಲ್ಲ, ಯಾಕೋ ಗೊತ್ತಿಲ್ಲ. ಇಡೀ ಕಾಯಿಯನ್ನು ಹತ್ತು ಹನ್ನೆರಡು ನಿಮಿಷ ಸುಟ್ಟು, ಸೀಳಿ, ಚಮಚದಲ್ಲಿ ತಿರುಳು ಕೆರೆದು ಉಪ್ಪು, ನಿಂಬೆ ಹಾಕಿ ತಿಂದು ನೋಡಿ. ಬೆಂಡೆಕಾಯಿಗೆ ಎರಡು ಸಲಾಕೆ ಬೇಕು, ಏಣಿಯ ಹಾಗೆ ಪೋಣಿಸಿದರೆ ಒಂದೇ ಸಲಕ್ಕೆ ತಿರುವಬಹುದು, ಆರೆಂಟು ನಿಮಿಷ. ಬಟಾಟಿ, ಗೆಣಸು ನೇರ ಇಟ್ಟರೆ ತಾಸು ಹಿಡಿಯುತ್ತದೆ, ಮುಕ್ಕಾಲು ಬೇಯಿಸಿಕೊಂಡು, ದಪ್ಪ ಬಿಲ್ಲೆ ಮಾಡಿ ಬಣ್ಣ ಬರುವಷ್ಟು ಸುಡಿ. ಬೆಳಗಾವಿ ಕಡೆಯ ಗೆಣಸು ಸಿಕ್ಕರೆ ಬಿಡಬೇಡಿ. ಹೂಕೋಸು ಬೇಸಿಗೆಯಲ್ಲಿ ತುಟ್ಟಿ, ಹುಳವೂ ಜಾಸ್ತಿ, ನಾನು ತರುವುದಿಲ್ಲ. ಸವತೆಕಾಯಿ ಸುಡುವುದು ಶುದ್ಧ ದಂಡ. ಅದನ್ನು ಪಚಡಿ ಮಾಡಿ ತಣ್ಣಗೆ ಇಟ್ಟುಕೊಳ್ಳಿ, ಸುಟ್ಟದ್ದರ ಪಕ್ಕ ತಿನ್ನಲು ಅದೇ ಬೇಕು.

ಒಂದು ಮಾತು ಎಲ್ಲಕ್ಕೂ: ಇಟ್ಟ ಕೂಡಲೇ ಕೆದಕಬೇಡಿ. ಎರಡು ಮೂರು ನಿಮಿಷ ಬಿಟ್ಟರೆ ತಾನೇ ಜಾಲರಿಯಿಂದ ಬಿಡುತ್ತದೆ. ಅಂಟಿದ್ದರೆ ಇನ್ನೂ ಆಗಿಲ್ಲ ಅಂತ ಅರ್ಥ. ಪೂರ್ತಿ ಇದ್ದಿಲಾದ ಭಾಗವನ್ನು ತೆಗೆದು ಬಿಸಾಕಿ, ಅದು ರುಚಿಯಲ್ಲ.

6. ಸುಟ್ಟಾದ ಮೇಲೆ

ಒಂದು ಅಗಲ ಪರಾತ ಪಕ್ಕದಲ್ಲೇ ಇರಲಿ. ಆದದ್ದನ್ನು ಆದ ಹಾಗೆ ಅದಕ್ಕೆ ಹಾಕಿ, ಬಿಸಿ ಇರುವಾಗಲೇ ಒಂದು ಚಮಚ ಕುಸುಬಿ ಎಣ್ಣೆ, ಅರ್ಧ ನಿಂಬೆಹಣ್ಣು, ಉಪ್ಪು, ಎರಡು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿ ಕಲಸಿ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಯಾವುದಿದ್ದರೂ ನಡೆಯುತ್ತದೆ. ಹಿಂಡಿಯನ್ನು ಮೊದಲೇ ಹಚ್ಚಿ ಸುಟ್ಟವರಿದ್ದಾರೆ, ಶೇಂಗಾ ಕರ್ರಗಾಗಿ ಕಹಿ ಬಂತು ಅಂತ ಆಮೇಲೆ ನನ್ನನ್ನು ಕೇಳುತ್ತಾರೆ. ನಿಂಬೆಹಣ್ಣು ವಿಜಯಪುರ ಜಿಲ್ಲೆಯ ಇಂಡಿ ಕಡೆಯದಾದರೆ ಇನ್ನೂ ಕಡಿಮೆ ಸಾಕು, ರಸ ಹುಳಿ ಎರಡೂ ಜಾಸ್ತಿ.

ಭರ್ತಕ್ಕೆ ಮುಳಗಾಯಿ ಸುಲಿದು ಕೈಯಿಂದಲೇ ಕಿವುಚಿ. ಮಿಕ್ಸಿಗೆ ಹಾಕಿದರೆ ಅಂಟು ಅಂಟಾಗುತ್ತದೆ. ಸುಟ್ಟ ಬಳ್ಳೊಳ್ಳಿ, ಸುಟ್ಟ ಮೆಣಸಿನಕಾಯಿ ಅದರೊಂದಿಗೇ ಹಿಸುಕಿ, ಹಸಿ ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ ಹಾಕಿ, ಕೊತ್ತಂಬರಿ, ಉಪ್ಪು, ಮೇಲೆ ಕುಸುಬಿ ಎಣ್ಣೆ. ಒಗ್ಗರಣೆ ಬೇಡ. ಬಿಸಿ ರೊಟ್ಟಿ ಮಾಡುವ ಶಕ್ತಿ ಆ ಧಗೆಯಲ್ಲಿ ಯಾರಿಗೂ ಇರುವುದಿಲ್ಲ, ಮೊದಲೇ ಮಾಡಿ ಒಣಗಿಸಿಟ್ಟ ಕಟಕ್ ರೊಟ್ಟಿಯೇ ಒಳ್ಳೆಯ ಜೋಡಿ.

ಉಳಿದದ್ದನ್ನು ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ, ಮಾರನೇ ದಿನ ಮುಗಿಸಿ. ರಾತ್ರಿಯಿಡೀ ಅಡುಗೆಮನೆಯಲ್ಲಿ ಮುಚ್ಚಿಟ್ಟ ಭರ್ತವನ್ನು ಬೆಳಿಗ್ಗೆ ಮೂಸಿ ನೋಡಿ ತಿನ್ನುವ ಸಾಹಸ ಬೇಡ.

7. ನಿಮ್ಮ ಮೈ ನೋಡಿಕೊಳ್ಳುವುದು

ಹತ್ತಿ ಬಟ್ಟೆ ಹಾಕಿ. ನೈಲಾನ್, ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ. ಒಬ್ಬರೇ ಪೂರ್ತಿ ಹೊತ್ತು ನಿಲ್ಲದೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬದಲಾಯಿಸಿ, ಬಾಯಾರಿಕೆ ಆಗುವ ಮುಂಚೆಯೇ ಉಪ್ಪು ಹಾಕಿದ ಮಜ್ಜಿಗೆ ಕುಡಿಯುತ್ತಿರಿ. ತಲೆ ಸುತ್ತು, ವಾಕರಿಕೆ, ಜೋರು ತಲೆನೋವು ಬಂದರೆ ಸುಡುವುದು ಅಲ್ಲಿಗೆ ನಿಲ್ಲಿಸಿ, ನೆರಳಿಗೆ ಬಂದು ಮೈಗೆ ತಣ್ಣೀರ ಬಟ್ಟೆ ಒತ್ತಿ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ, ಇಲ್ಲವೇ 112ಕ್ಕೆ ಫೋನ್ ಮಾಡಿ.

ಕೈ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಪೇಸ್ಟು, ಇಂಕು, ತುಪ್ಪ ಯಾವುದನ್ನೂ ಬಳಿಯಬೇಡಿ. ಒಂದು ಎಚ್ಚರ: ಬೇಸಿಗೆಯಲ್ಲಿ ಮಾಳಿಗೆ ಟಾಕಿಯ ನೀರೇ ಬಿಸಿ ಇರುತ್ತದೆ, ಅದಕ್ಕೇ ಬಕೆಟ್ ನೀರನ್ನು ಕೆಳಗಿನಿಂದ ತಂದಿಡಿ.

ಅಡ್ಡಮಳೆ ಶುರುವಾದರೆ ಎಲ್ಲರೂ ಮಾಡುವುದು ಒಂದೇ, ಶೇಗಡಿ ಎತ್ತಿ ಪಡಸಾಲೆಗೆ ತರುವುದು. ದಯವಿಟ್ಟು ತರಬೇಡಿ. ಇದ್ದಿಲಿನ ಕೆಂಡ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮುಚ್ಚಿದ ಕೋಣೆಯಲ್ಲಿ ಗೊತ್ತಾಗದ ಹಾಗೆ ಜೀವ ತೆಗೆಯುತ್ತದೆ. ಕಿಟಕಿ ತೆರೆದಿದೆ, ಫ್ಯಾನ್ ಇದೆ ಅನ್ನುವ ಸಮಾಧಾನ ಸಾಲದು. ತರಕಾರಿ ಮಾತ್ರ ಎತ್ತಿಕೊಂಡು ಒಳಗೆ ಬನ್ನಿ, ಉಳಿದದ್ದನ್ನು ಗ್ಯಾಸ್ ಮೇಲೆ ಮುಗಿಸಿ, ಕೆಂಡ ಮಳೆಗೆ ಬಿಡಿ.

8. ಕೆಂಡ ಆರಿಸುವುದು

ಊಟಕ್ಕೆ ಕೂರುವ ಮುಂಚೆ ಉಳಿದ ಕೆಂಡಕ್ಕೊಂದು ಕೆಲಸ ಕೊಡಿ. ಎರಡು ಮೂರು ಹುಳಿ ಮಾವಿನಕಾಯಿ ಅಂಚಿಗೆ ಇಟ್ಟು ತಿರುವುತ್ತ 20, 25 ನಿಮಿಷ ಬಿಡಿ, ಸಿಪ್ಪೆ ಕಪ್ಪಾಗಿ ಒಳಗೆ ಮೆತ್ತಗಾಗಲಿ. ತಿರುಳು ಹಿಸುಕಿ ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು, ತಣ್ಣೀರು ಬೆರೆಸಿದರೆ ಮರುದಿನ ಮಧ್ಯಾಹ್ನದ ಪಾನಕ ತಯಾರು.

ಆಮೇಲೆ ಶೇಗಡಿ ಮೇಲೆ ತಗಡು ಮುಚ್ಚಿ, ಸಂದಿಗೆ ಮರಳು ಹಾಕಿ. ಗಾಳಿ ಸಿಗದೆ ಕೆಂಡ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ. ಒಮ್ಮೆಲೇ ನೀರು ಸುರಿದರೆ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ, ಬೂದಿ ಮೇಲೆದ್ದು ಹಾರುತ್ತದೆ. ಗಾಳಿ ಜೋರಾಗಿ ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ದೂರ ನಿಂತು ಸ್ವಲ್ಪ ಸ್ವಲ್ಪವೇ ಚಿಮುಕಿಸಿ.

ಬೂದಿಯನ್ನು ಆ ರಾತ್ರಿಯೇ ಎಲ್ಲೂ ಚೆಲ್ಲಬೇಡಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಮರುದಿನದ ತನಕ ಜೀವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಬುಟ್ಟಿಗೆ ಹಾಕಿದರೆ ಬುಟ್ಟಿ ಕರಗುತ್ತದೆ, ತಿಪ್ಪೆಗೆ ಹಾಕಿದರೆ ಬೇಸಿಗೆಯ ಒಣ ತಿಪ್ಪೆ ಒಳಗೊಳಗೇ ಹತ್ತಿ ದಿನಗಟ್ಟಲೆ ಹೊಗೆಯಾಡುತ್ತದೆ. ಬೆಳಿಗ್ಗೆ ನೀರು ಹಾಕಿ ಕಲಸಿ, ಕೈಯಿಂದ ಮುಟ್ಟಿ ತಣ್ಣಗಿದೆ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ತೆಗೆಯಿರಿ. ಒಂದಿಷ್ಟನ್ನು ಎತ್ತಿಟ್ಟುಕೊಳ್ಳಿ, ಮಸಿ ಹಿಡಿದ ಬೋಗುಣಿ ತಿಕ್ಕಲು ಬೇಕಾಗುತ್ತದೆ.